ಹೆರಿಗೆ ರಜೆಯ ಖರ್ಚು ಯಾರ ಲೆಕ್ಕಕ್ಕೆ?

2017ರಲ್ಲಿ ನಮ್ಮ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ಸಂಬಳ ಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಈಗಾಗಲೇ ಎರಡು ಮಕ್ಕಳಿದ್ದರೆ ಮಾತ್ರ ಹಳೆಯ 12 ವಾರ. ಇದು ಒಳ್ಳೆಯ ಕಾನೂನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ ‘ನೋಡಿ, ಎಚ್‌ಆರ್‌ನವಳೇ ಹೇಳುತ್ತಿದ್ದಾಳೆ, ಇಷ್ಟೆಲ್ಲ ರಜೆ ಕೊಡಬಾರದಂತೆ’ ಎಂದು ಯಾರೂ ಫಾರ್ವರ್ಡ್ ಮಾಡಬಾರದು. ನಾನೂ ಈ ರಜೆ ತೆಗೆದುಕೊಂಡವಳು. ಹಾಲು ಕುಡಿಯುವ ಕೂಸನ್ನು ಬಿಟ್ಟು ಮೂರೇ ತಿಂಗಳಿಗೆ ಕೆಲಸಕ್ಕೆ ಓಡಿಬಂದ ಹಿರಿಯ ಸಹೋದ್ಯೋಗಿಗಳ ಮುಖವನ್ನೂ ನೋಡಿದವಳು. ರಜೆಯ ಬಗ್ಗೆ ನನ್ನ ತಕರಾರಿಲ್ಲ. ಆ ರಜೆಯ ದುಡ್ಡು ಯಾರು ಕೊಡಬೇಕು ಎಂದು ಕಾಯ್ದೆ ಹೇಳಿದೆಯಲ್ಲ, ಅದರ ಬಗ್ಗೆ ನನ್ನ ಮಾತು.

ಬಹಳ ವರ್ಷಗಳಿಂದ ನೇಮಕಾತಿ ಕೆಲಸದಲ್ಲಿದ್ದೇನೆ. ಇಂಟರ್‌ವ್ಯೂಗಿಂತ ಮುಖ್ಯವಾದದ್ದು ಅಭ್ಯರ್ಥಿ ಎದ್ದುಹೋದ ಮೇಲೆ ನಾವು ನಾವೇ ಕೂತು ಆಡುವ ಮಾತು. ಅಲ್ಲಿ ಕೇಳುವ ಮಾತುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ‘ಮೇಡಂ, ಹುಡುಗಿ ಚುರುಕಾಗಿದ್ದಾಳೆ. ಆದರೆ ಹೋದ ವರ್ಷ ಮದುವೆಯಾಗಿದೆಯಂತೆ.’ ಇಷ್ಟು ಹೇಳಿ ಮ್ಯಾನೇಜರ್ ಸುಮ್ಮನಾಗುತ್ತಾರೆ. ಮುಂದಿನ ವಾಕ್ಯ ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಆಮೇಲೆ ಫಾರಂ ಮೇಲೆ ‘ಟೀಮಿಗೆ ಹೊಂದುವುದಿಲ್ಲ’ ಅಂತ ಬರೆಯುತ್ತಾರೆ. ‘ಅನುಭವ ಸಾಲದು’ ಅಂತಲೂ ಬರೆಯಬಹುದು. ನಾಳೆ ಯಾವ ಇನ್‌ಸ್ಪೆಕ್ಟರ್ ಬಂದು ಫೈಲು ತೆರೆದರೂ ಅವರಿಗೆ ಏನೂ ಸಿಗುವುದಿಲ್ಲ.

ಹೀಗೆ ಹೇಳುವವರೆಲ್ಲ ಕೆಟ್ಟವರೇ ಅಂದುಕೊಂಡರೆ ಸುಲಭ. ನನಗೆ ಗೊತ್ತಿರುವ ಹೆಚ್ಚಿನವರು ಹಾಗಿಲ್ಲ. ತಮ್ಮ ಮಗಳು ಕೆಲಸಕ್ಕೆ ಹೋಗಲಿ ಎಂದು ಬಯಸುವವರು, ತಂಡದಲ್ಲಿರುವ ಹೆಣ್ಣುಮಕ್ಕಳನ್ನು ಗೌರವದಿಂದ ಕಾಣುವವರು. ಅವರು ಹಾಕುವ ಲೆಕ್ಕ ಹೀಗಿರುತ್ತದೆ: 15 ಜನರ ಕಂಪನಿ. ತಿಂಗಳಿಗೆ 40,000 ರೂಪಾಯಿ ಸಂಬಳದ ಅಕೌಂಟೆಂಟ್. 26 ವಾರ ಅಂದರೆ ಆರು ತಿಂಗಳು, ಒಟ್ಟು 2,40,000 ರೂಪಾಯಿ. ಅಷ್ಟು ದಿನ ಜಿಎಸ್‌ಟಿ ರಿಟರ್ನ್ ನಿಲ್ಲುವಂತಿಲ್ಲ, ಹಾಗಾಗಿ ಬದಲಿ ಜನ ಬೇಕು. ಅವರಿಗೂ ಇನ್ನಷ್ಟು ದುಡ್ಡು. ಕೆಲಸ ಕಲಿಸುವ ಸಮಯ ಬೇರೆ. ಇದೇ ಕೆಲಸಕ್ಕೆ ಗಂಡಸು ಅರ್ಜಿ ಹಾಕಿದ್ದರೆ ಈ ಲೆಕ್ಕದ ಕಾಲಮ್ಮೇ ಇರುವುದಿಲ್ಲ.

ಕಾನೂನು ಬರೆದವರು ಒಂದು ವಿಷಯ ಗಮನಿಸಬೇಕಿತ್ತು. ಕೆಲಸಕ್ಕೆ ತೆಗೆದುಕೊಳ್ಳುವ ನಿರ್ಧಾರ ಯಾರ ಕೈಯಲ್ಲಿದೆಯೋ, ಖರ್ಚನ್ನೂ ಅವರ ತಲೆಗೇ ಕಟ್ಟಿದ್ದಾರೆ. ಮೇಲಾಗಿ ಆ ಖರ್ಚು ಯಾರಿಂದ ಬರಬಹುದು ಎಂಬುದು ಅರ್ಜಿಯ ಮೇಲಿನ ಹೆಸರು, ವಯಸ್ಸು ನೋಡಿದರೇ ಗೊತ್ತಾಗುತ್ತದೆ. ಇವೆರಡೂ ಒಟ್ಟಿಗೆ ಬಂದಾಗ ಕಾನೂನು ಯಾರನ್ನು ಕಾಪಾಡಲು ಹೊರಟಿತೋ ಅವರೇ ಬಾಗಿಲ ಹೊರಗೆ ಉಳಿಯುತ್ತಾರೆ. ಒಳಗಿರುವವಳಿಗೆ ರಜೆ ಸಿಗುತ್ತದೆ. ಒಳಗೆ ಬರಬೇಕಾದವಳಿಗೆ ಕೆಲಸವೇ ಸಿಗುವುದಿಲ್ಲ. ಮೊದಲನೆಯವಳು ಅಂಕಿಅಂಶದಲ್ಲಿ ಕಾಣುತ್ತಾಳೆ, ಎರಡನೆಯವಳು ಎಲ್ಲೂ ಕಾಣುವುದಿಲ್ಲ. ನನಗೆ ಜಾಸ್ತಿ ಸಂಕಟ ಕೊಡುವುದು ಈ ಎರಡನೆಯವಳು.

ಇದಕ್ಕೆ ಪರಿಹಾರ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಮ್ಮದೇ ದೇಶದಲ್ಲಿ ಇನ್ನೊಂದು ಪದ್ಧತಿ ದಶಕಗಳಿಂದ ನಡೆಯುತ್ತಿದೆ. ತಿಂಗಳ ವೇತನ 21,000 ರೂಪಾಯಿ ದಾಟದ, ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಉದ್ಯೋಗಿಗೆ ಇದೇ 26 ವಾರದ ಹಣವನ್ನು ಕಂಪನಿ ಕೊಡುವುದಿಲ್ಲ, ಇಎಸ್‌ಐ ನಿಧಿ ಕೊಡುತ್ತದೆ. ಆ ನಿಧಿಗೆ ಕಂಪನಿ ವೇತನದ ಶೇ 3.25ರಷ್ಟು, ಉದ್ಯೋಗಿ ಶೇ 0.75ರಷ್ಟು ಕಟ್ಟುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಈ ವಂತಿಗೆ ಗಂಡಸಿನ ವೇತನದ ಮೇಲೂ ಇದೆ, ಹೆಂಗಸಿನ ವೇತನದ ಮೇಲೂ ಇದೆ. 25 ವರ್ಷದ ಹುಡುಗಿಯನ್ನು ತೆಗೆದುಕೊಂಡರೂ ಅಷ್ಟೇ, 50 ವರ್ಷದ ಗಂಡಸನ್ನು ತೆಗೆದುಕೊಂಡರೂ ಅಷ್ಟೇ. ಪ್ಯಾಕಿಂಗ್ ವಿಭಾಗಕ್ಕೆ ಜನ ತೆಗೆದುಕೊಳ್ಳುವಾಗ ನಾನು ಈ ಮದುವೆಯ ಮಾತು ಕೇಳಿಲ್ಲ ಅಂತಲ್ಲ, ಕೇಳಿದ್ದೇನೆ. ಆದರೆ ಅಲ್ಲಿ ಅದು ಕೆಲಸ ಬಿಟ್ಟುಹೋಗುತ್ತಾಳೇನೋ ಎಂಬ ಅನುಮಾನ. ಆರು ತಿಂಗಳ ಸಂಬಳದ ಮಾತು ಬರುವುದಿಲ್ಲ. ಸಂಬಳ 21,000ದ ಗೆರೆ ದಾಟಿತೋ, ಮಾತಿನ ಧಾಟಿ ಬದಲಾಗುತ್ತದೆ. ಆಫೀಸರ್, ಎಂಜಿನಿಯರ್, ಡಿಸೈನರ್, ಶಿಕ್ಷಕಿ, ಇಂಥ ಹುದ್ದೆಗಳಲ್ಲೇ ತೊಂದರೆ.

ಹೀಗೆ ಮಾಲೀಕನೊಬ್ಬನ ಮೇಲೆ ನೇರವಾಗಿ ಹೊರೆ ಹಾಕಬಾರದು ಎಂಬುದು ಹೊಸ ಅರಿವೇನೂ ಅಲ್ಲ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಸಮ್ಮೇಳನ ವಾಷಿಂಗ್ಟನ್‌ನಲ್ಲಿ ನಡೆಯಿತು. ಅಲ್ಲಿ ಒಪ್ಪಿದ ಮೂರನೇ ಒಡಂಬಡಿಕೆಯೇ ಹೆರಿಗೆ ರಕ್ಷಣೆಯದು. ಹಣ ಸರ್ಕಾರದ ನಿಧಿಯಿಂದ ಇಲ್ಲವೇ ವಿಮೆಯಿಂದ ಬರಬೇಕು ಎಂದು ಅದರಲ್ಲಿ ಬರೆದಿದ್ದರು. 2000ದ 183ನೇ ಒಡಂಬಡಿಕೆ ಇದನ್ನು ಇನ್ನೂ ಬಿಡಿಸಿ ಹೇಳಿತು. ಉದ್ಯೋಗ ಮಾರುಕಟ್ಟೆಯಲ್ಲಿ ಹೆಂಗಸರ ಸ್ಥಾನ ಕಾಪಾಡುವ ಸಲುವಾಗಿಯೇ ವಿಮೆ ಅಥವಾ ಸಾರ್ವಜನಿಕ ನಿಧಿ ಇರಬೇಕು, ಮಾಲೀಕನೊಬ್ಬನೇ ಹೊರುವಂತೆ ಮಾಡಬಾರದು, ವಿನಾಯಿತಿಗಳು ಕೆಲವೇ ಎಂದಿತು. ಭಾರತ ಈ ಎರಡಕ್ಕೂ ಸಹಿ ಹಾಕಿ ಅನುಮೋದಿಸಿಲ್ಲ. ರಜೆಯ ಅವಧಿಯಲ್ಲಿ ನಾವು ಬಹಳ ದೇಶಗಳಿಗಿಂತ ಮುಂದಿದ್ದೇವೆ. 183ನೇ ಒಡಂಬಡಿಕೆ ಕೇಳುವುದು 14 ವಾರ, ನಾವು ಕೊಡುವುದು 26. ದುಡ್ಡಿನ ಮೂಲದ ವಿಷಯದಲ್ಲಿ ಮಾತ್ರ 1919ರ ಆ ಮಾತಿಗೂ ಇನ್ನೂ ತಲುಪಿಲ್ಲ.

2018ರ ನವೆಂಬರ್‌ನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಒಂದು ಪ್ರಸ್ತಾವದ ಬಗ್ಗೆ ಹೇಳಿತ್ತು. 15,000 ರೂಪಾಯಿವರೆಗೆ ವೇತನ ಇರುವವರ ಏಳು ವಾರದ ಹಣವನ್ನು ಮಾಲೀಕರಿಗೆ ವಾಪಸ್ ಕೊಡುವ ಯೋಚನೆ ಅದು. ಅಂದರೆ ಸಮಸ್ಯೆ ಇದೆ ಅಂತ ಸರ್ಕಾರಕ್ಕೂ ಗೊತ್ತಿತ್ತು, ಅಲ್ವಾ? 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಹಳೆಯ ಹೆರಿಗೆ ಕಾಯ್ದೆಯನ್ನು ಸೇರಿಸಿಕೊಂಡಾಗ ಇದನ್ನು ಸರಿಮಾಡುವ ಅವಕಾಶ ಇತ್ತು. ಆಗಲಿಲ್ಲ. ಇಎಸ್‌ಐ ಇಲ್ಲದ ಕಡೆ ಇಂದಿಗೂ ಕಂಪನಿಯೇ ಪೂರ್ತಿ ಕೊಡಬೇಕು.

ಅರ್ಥಶಾಸ್ತ್ರಜ್ಞರು ಈ ವಿಷಯವನ್ನು ಚೆನ್ನಾಗಿ ಕೆದಕಿ ನೋಡಿದ್ದಾರೆ. 1989ರಲ್ಲಿ ಲಾರೆನ್ಸ್ ಸಮರ್ಸ್ ಒಂದು ಸಣ್ಣ ಪ್ರಬಂಧ ಬರೆದರು. ಸರ್ಕಾರ ಕಡ್ಡಾಯ ಮಾಡುವ ಸೌಲಭ್ಯದ ಖರ್ಚು ಕೊನೆಗೆ ಯಾರ ಮೇಲೆ ಬೀಳುತ್ತದೆ ಎಂಬುದು ಅಲ್ಲಿನ ಪ್ರಶ್ನೆ. ಸೌಲಭ್ಯ ಪಡೆಯುವ ಗುಂಪು ಎದ್ದು ಕಾಣುವಂತಿದ್ದರೆ ಇರುವ ದಾರಿ ಎರಡೇ: ಆ ಗುಂಪಿನ ಸಂಬಳ ಇಳಿಯುತ್ತದೆ, ಸಂಬಳ ಇಳಿಸಲು ಆಗದಿದ್ದರೆ ಆ ಗುಂಪಿನವರಿಗೆ ಕೆಲಸ ಸಿಗುವುದು ಕಡಿಮೆಯಾಗುತ್ತದೆ. 1994ರಲ್ಲಿ ಜೊನಾಥನ್ ಗ್ರೂಬರ್ ಇದನ್ನು ಅಂಕಿಅಂಶದಲ್ಲಿ ನೋಡಿದರು. ಅಮೆರಿಕದಲ್ಲಿ 1970ರ ದಶಕದಲ್ಲಿ ಆರೋಗ್ಯ ವಿಮೆಯಲ್ಲಿ ಹೆರಿಗೆಯ ಖರ್ಚನ್ನೂ ಸೇರಿಸಲೇಬೇಕು ಎಂಬ ನಿಯಮ ಕೆಲವು ರಾಜ್ಯಗಳಲ್ಲಿ ಮೊದಲು, 1978ರಲ್ಲಿ ದೇಶಕ್ಕೆಲ್ಲ ಬಂತು. ಮಗು ಹೆರುವ ವಯಸ್ಸಿನ ವಿವಾಹಿತ ಮಹಿಳೆಯರ ಸಂಬಳ ಸುಮಾರು ಅಷ್ಟೇ ಖರ್ಚಿನಷ್ಟು ಇಳಿದಿತ್ತು. ಕಾಗದದ ಮೇಲೆ ಕಂಪನಿ ಕೊಟ್ಟಿದ್ದು, ನಿಜವಾಗಿ ಕೊಟ್ಟಿದ್ದು ಅವರೇ.

ಚಿಲಿ ದೇಶದ ಉದಾಹರಣೆ ಇನ್ನೂ ಸ್ಪಷ್ಟ. ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ 20 ಅಥವಾ ಹೆಚ್ಚು ಮಹಿಳೆಯರು ಇರುವ ಕಂಪನಿ, ಅವರ ಎರಡು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರದ ಖರ್ಚು ಕೊಡಬೇಕು. ಇಪ್ಪತ್ತು ಉದ್ಯೋಗಿಗಳಲ್ಲ, ಇಪ್ಪತ್ತು ಮಹಿಳೆಯರು. ಹತ್ತೊಂಬತ್ತು ಜನ ಮಹಿಳೆಯರಿರುವ ಕಂಪನಿಯ ನೇಮಕಾತಿ ಕೋಣೆಯಲ್ಲಿ ಮುಂದಿನ ಅರ್ಜಿ ಹೆಣ್ಣುಮಗಳದ್ದಾದರೆ ಏನು ಮಾತು ನಡೆಯುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಈ ನಿಯಮದ ಮೇಲೆ ನಡೆದ ಅಧ್ಯಯನದಲ್ಲಿ, ನಿಯಮಕ್ಕೆ ಒಳಪಟ್ಟ ಕಂಪನಿಗಳಿಗೆ ಹೊಸದಾಗಿ ಸೇರುವ ಮಹಿಳೆಯರ ಆರಂಭದ ಸಂಬಳ ಶೇ 9ರಿಂದ 20ರಷ್ಟು ಕಡಿಮೆ ಕಂಡುಬಂತು. ನಮ್ಮ 2017ರ ತಿದ್ದುಪಡಿಯಲ್ಲೂ ಶಿಶುಪಾಲನಾ ಕೇಂದ್ರದ ನಿಯಮ ಇದೆ. ಆದರೆ ಅಲ್ಲಿ ಲೆಕ್ಕ ಹಿಡಿಯುವುದು ಒಟ್ಟು 50 ಉದ್ಯೋಗಿಗಳನ್ನು, ಗಂಡಸರೂ ಸೇರಿ. ಬರೆದವರು ಇಲ್ಲಿ ಯೋಚಿಸಿದ್ದಾರೆ. ಒಂದೇ ಪದ ಬದಲಾದರೆ ಎಷ್ಟೊಂದು ಜನರ ಕೆಲಸ ಉಳಿಯುತ್ತದೆ ನೋಡಿ. 49ಕ್ಕೇ ನಿಂತುಬಿಡುವ ಕಂಪನಿಗಳು ಇರಬಹುದು, ಅದು ಬೇರೆ ತೊಂದರೆ. ಕೊನೇಪಕ್ಷ ಐವತ್ತನೆಯವರು ಹೆಣ್ಣೋ ಗಂಡೋ ಎಂಬುದಕ್ಕೆ ಅಲ್ಲಿ ಬೆಲೆ ಇಲ್ಲ.

ಸ್ಪೇನ್ 1999ರಲ್ಲಿ ಚಿಕ್ಕ ಮಕ್ಕಳಿರುವ ತಂದೆತಾಯಿಗೆ ಕಡಿಮೆ ಗಂಟೆ ಕೆಲಸ ಮಾಡುವ ಹಕ್ಕು ಕೊಟ್ಟು, ಆ ಕಾರಣಕ್ಕೆ ಕೆಲಸದಿಂದ ತೆಗೆಯದಂತೆ ರಕ್ಷಣೆಯನ್ನೂ ಕೊಟ್ಟಿತು. ಹಕ್ಕು ಇಬ್ಬರಿಗೂ ಇತ್ತು, ಬಳಸಿದ್ದು ಬಹುಪಾಲು ತಾಯಂದಿರು. ಆಮೇಲೆ ಮಗು ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಕಾಯಂ ಕೆಲಸ ಸಿಗುವುದು ಕಡಿಮೆಯಾಗಿ, ಅವಧಿ ಗುತ್ತಿಗೆ ಜಾಸ್ತಿಯಾಯಿತು. ಈ ಗುತ್ತಿಗೆಯ ದಾರಿ ನಮ್ಮಲ್ಲೂ ಗೊತ್ತಿರುವುದೇ. ಹನ್ನೊಂದು ತಿಂಗಳ ಆರ್ಡರ್, ಮುಗಿದ ಮೇಲೆ ‘ನೋಡೋಣ’. 2023ರಲ್ಲಿ ಸುಪ್ರೀಂ ಕೋರ್ಟ್, ಗುತ್ತಿಗೆ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು ಎಂದು ತೀರ್ಪು ಕೊಟ್ಟಿತು. ನ್ಯಾಯವಾದ ತೀರ್ಪು, ಓದಿ ಸಂತೋಷಪಟ್ಟೆ. ಆದರೆ ಖರ್ಚು ಹೊರುವವರು ಕಂಪನಿಯವರೇ ಇರುವ ತನಕ ಗುತ್ತಿಗೆಗೂ ತೆಗೆದುಕೊಳ್ಳದೇ ಇರುವ ದಾರಿ ಅವರಿಗೆ ಉಳಿದಿರುತ್ತದೆ. ನ್ಯಾಯಾಲಯಕ್ಕೆ ಹೋಗುವವಳು ಕೆಲಸಕ್ಕೆ ಸೇರಿದವಳು. ಸೇರದವಳು ಯಾವ ನ್ಯಾಯಾಲಯಕ್ಕೆ ಹೋಗುತ್ತಾಳೆ?

‘ಹಾಗಾದರೆ ಇಂಟರ್‌ವ್ಯೂನಲ್ಲಿ ಮದುವೆ, ಮಕ್ಕಳ ವಿಷಯ ಕೇಳುವುದನ್ನೇ ನಿಲ್ಲಿಸಿಬಿಡಿ’ ಎನ್ನುವವರಿದ್ದಾರೆ. ನಿಲ್ಲಿಸಲೇಬೇಕು, ಅದು ಕನಿಷ್ಠ ಮರ್ಯಾದೆ. ಅಷ್ಟರಿಂದಲೇ ಸಮಸ್ಯೆ ಮುಗಿಯುತ್ತದೆ ಎಂದು ಮಾತ್ರ ನಾನು ನಂಬುವುದಿಲ್ಲ. ಪ್ರಶ್ನೆ ನಿಂತರೆ ಊಹೆ ಶುರುವಾಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಹೋಲುವ ಕಥೆ ನಡೆದಿದೆ. ಹಿಂದೆ ಅಪರಾಧ ಮಾಡಿ ಶಿಕ್ಷೆ ಅನುಭವಿಸಿದವರಿಗೆ ಇನ್ನೊಂದು ಅವಕಾಶ ಸಿಗಲಿ ಎಂದು, ಕೆಲಸದ ಅರ್ಜಿಯಲ್ಲಿ ಅಪರಾಧದ ಹಿನ್ನೆಲೆ ಕೇಳುವ ಚೌಕವನ್ನೇ ತೆಗೆಯುವ ಕಾನೂನನ್ನು ಹಲವು ಊರು, ರಾಜ್ಯಗಳು ತಂದವು. ಅಮಾಂಡಾ ಅಗನ್ ಮತ್ತು ಸೋನ್ಯಾ ಸ್ಟಾರ್ ಎಂಬ ಇಬ್ಬರು ಸಂಶೋಧಕಿಯರು ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ನಗರದಲ್ಲಿ ಈ ಕಾನೂನು ಬರುವ ಮೊದಲು ಮತ್ತು ಬಂದ ಮೇಲೆ ಸುಮಾರು 15,000 ಕಾಲ್ಪನಿಕ ಅರ್ಜಿಗಳನ್ನು ಕಳಿಸಿ ನೋಡಿದರು. ಆ ಚೌಕ ಇದ್ದ ಕಂಪನಿಗಳಲ್ಲಿ, ಅದೇ ಅರ್ಹತೆಯ ಕಪ್ಪು ಜನರಿಗಿಂತ ಬಿಳಿಯರಿಗೆ ಬರುತ್ತಿದ್ದ ಕರೆಗಳು ಶೇ 7ರಷ್ಟು ಜಾಸ್ತಿ ಇದ್ದವು. ಚೌಕ ತೆಗೆದ ಮೇಲೆ ಆ ಅಂತರ ಶೇ 43ಕ್ಕೆ ಏರಿತು. ಯಾರಿಗೆ ಶಿಕ್ಷೆಯಾಗಿದೆ ಎಂದು ತಿಳಿಯುವ ದಾರಿ ಇಲ್ಲದಾಗ, ಹೆಸರು ನೋಡಿ ಎಲ್ಲ ಕಪ್ಪು ಯುವಕರನ್ನೂ ಅನುಮಾನಿಸಿದರು. ಒಂದು ದಿನವೂ ಜೈಲು ನೋಡದ ಹುಡುಗನ ಕೆಲಸ ಹೋಯಿತು. ನನ್ನ ಕೋಣೆಯಲ್ಲೂ ಇದೇ ಆಗುತ್ತದೆ. ಮಗು ಬೇಡ ಎಂದು ನಿರ್ಧರಿಸಿದವಳು, ಮದುವೆಯೇ ಬೇಡ ಎಂದವಳು, ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವರಾದವಳು, ಎಲ್ಲರ ಮೇಲೂ 28 ವರ್ಷ ಎಂಬ ಒಂದೇ ಅನುಮಾನ. ಬಾಯಿ ಕಟ್ಟಿದರೆ ಲೆಕ್ಕ ನಿಲ್ಲುವುದಿಲ್ಲ. ಲೆಕ್ಕವನ್ನೇ ಬದಲಿಸಬೇಕು.

ಈಗ ಇದೇ ಪ್ರಶ್ನೆ ಮುಟ್ಟಿನ ರಜೆಯ ರೂಪದಲ್ಲಿ ಬಂದಿದೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೊಂದು ದಿನದಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆಯ ನೀತಿಯನ್ನು ಒಪ್ಪಿತು, ಖಾಸಗಿ ಕಂಪನಿಗಳಿಗೂ ಸೇರಿಸಿ. ನೋವು ನಿಜ, ರಜೆಯ ಅಗತ್ಯ ನಿಜ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಅರ್ಜಿ ಬಂದಾಗ, ಕಡ್ಡಾಯ ಮಾಡಿದರೆ ಹೆಣ್ಣುಮಕ್ಕಳನ್ನು ಕೆಲಸದಿಂದ ದೂರ ಇಡುವ ಅಪಾಯ ಇದೆ ಎಂಬ ಮಾತು ಪೀಠದಿಂದಲೇ ಬಂದಿತ್ತು. ಆ ಮಾತು ಹಿಡಿದುಕೊಂಡು ‘ರಜೆಯೇ ಬೇಡ’ ಎಂದವರನ್ನು ನಾನು ಒಪ್ಪುವುದಿಲ್ಲ. 2023ರಲ್ಲಿ ಸ್ಪೇನ್ ಮುಟ್ಟಿನ ತೀವ್ರ ನೋವಿಗೆ ರಜೆ ಕೊಟ್ಟಿತು, ವೈದ್ಯರ ಚೀಟಿ ಬೇಕು, ಹಣ ಕೊಡುವುದು ಅಲ್ಲಿನ ಸಾಮಾಜಿಕ ಭದ್ರತಾ ವ್ಯವಸ್ಥೆ. ರಜೆ ಉಳಿಸಿಕೊಂಡೇ ಅಪಾಯ ಕಡಿಮೆ ಮಾಡುವ ದಾರಿ ಇದೆ ಅಂತ ಆಯಿತಲ್ಲ.

ನಮ್ಮಲ್ಲಿ ‘ಒಳ್ಳೆಯದು ಮಾಡಲು ಹೋದರೆ ಕೆಟ್ಟದ್ದಾಗುತ್ತದೆ’ ಎಂಬ ವಾದವನ್ನು ಕೆಲವರು ಪ್ರತಿಯೊಂದು ಕಾರ್ಮಿಕ ಹಕ್ಕಿನ ವಿರುದ್ಧವೂ ತೆಗೆಯುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಕನಿಷ್ಠ ವೇತನ ಏರಿಸಿದರೆ ಕೆಲಸ ಹೋಗುತ್ತದೆ ಎಂದು ಎಷ್ಟೋ ವರ್ಷ ಪಾಠ ಮಾಡಿದರು. 1992ರಲ್ಲಿ ನ್ಯೂಜೆರ್ಸಿ ತನ್ನ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿದಾಗ, ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಪಕ್ಕದ ಪೆನ್ಸಿಲ್ವೇನಿಯಾದ ಜೊತೆ ಹೋಲಿಸಿ ಫಾಸ್ಟ್‌ಫುಡ್ ಹೋಟೆಲುಗಳನ್ನು ನೋಡಿದರು. ಕೆಲಸ ಕಡಿಮೆಯಾಗಿರಲಿಲ್ಲ. ಹಾಗಾಗಿ ‘ಉಲ್ಟಾ ಹೊಡೆಯುತ್ತದೆ’ ಎನ್ನುವವರು ಯಾವ ನಿಯಮ, ಯಾರಿಗೆ, ಹೇಗೆ ಎಂದು ತೋರಿಸಲಿ. ಹೆರಿಗೆ ರಜೆಯ ವಿಷಯದಲ್ಲಿ ನಾನು ತೋರಿಸುತ್ತಿದ್ದೇನೆ, ಯಾಕೆಂದರೆ ಅದನ್ನು ಸರಿಮಾಡಲು ಆಗುತ್ತದೆ.

ಅಪ್ಪಂದಿರಿಗೂ ರಜೆ ಕೊಟ್ಟರೆ ಸಮ ಆಗುತ್ತದಲ್ಲ ಎಂದು ಕೇಳಬಹುದು. ಕೊಡಬೇಕು. ಖಾಸಗಿ ಕಂಪನಿಗಳ ಅಪ್ಪಂದಿರಿಗೆ ನಮ್ಮಲ್ಲಿ ಇಂಥ ಕೇಂದ್ರ ಕಾನೂನೇ ಇಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ. ಆದರೆ ಇಲ್ಲೂ ನಿಯಮದ ವಿವರ ನೋಡಬೇಕು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಹುದ್ದೆ ಸಿಗಬೇಕಾದರೆ ಇಂತಿಷ್ಟು ವರ್ಷದೊಳಗೆ ಸಂಶೋಧನೆ ತೋರಿಸಬೇಕು. ಮಗು ಹುಟ್ಟಿದರೆ ಆ ಗಡುವಿಗೆ ಒಂದು ವರ್ಷ ಸೇರಿಸುವ ನಿಯಮ ತಂದರು, ತಾಯಿಗೂ ತಂದೆಗೂ ಒಂದೇ ಥರ. ಅರ್ಥಶಾಸ್ತ್ರದ ದೊಡ್ಡ ದೊಡ್ಡ ವಿಭಾಗಗಳ ಮೇಲೆ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ನಿಯಮ ಬಂದ ಮೇಲೆ ಮೊದಲ ಕೆಲಸದಲ್ಲೇ ಕಾಯಂ ಆಗುವ ಗಂಡಸರ ಪ್ರಮಾಣ ಸಾಕಷ್ಟು ಏರಿತು, ಹೆಂಗಸರದು ಸಾಕಷ್ಟು ಇಳಿಯಿತು. ತಾಯಂದಿರ ಆ ವರ್ಷ ಮಗುವಿಗೆ ಹೋಯಿತು. ಗಂಡಸರು ಹೆಚ್ಚಿನ ಸಮಯದಲ್ಲಿ ಇನ್ನಷ್ಟು ಪ್ರಬಂಧ ಪ್ರಕಟಿಸಿದರು. ಸ್ವೀಡನ್ 1974ರಲ್ಲೇ ಅಪ್ಪ ಅಮ್ಮ ಇಬ್ಬರಿಗೂ ಸೇರಿದ ರಜೆ ತಂದಿತ್ತು, ಹೆಚ್ಚಾಗಿ ಅಮ್ಮಂದಿರೇ ತೆಗೆದುಕೊಂಡರು. 1995ರಲ್ಲಿ ಒಂದು ತಿಂಗಳನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ಬಾರದಂತೆ ಮಾಡಿತು. ಅಪ್ಪ ತೆಗೆದುಕೊಳ್ಳದಿದ್ದರೆ ಆ ತಿಂಗಳು ಹೋಯಿತು. ಆಮೇಲೆ ಅಪ್ಪಂದಿರು ಮನೆಯಲ್ಲಿ ಉಳಿದರು. ಆ ದುಡ್ಡು ಕೊಡುವುದೂ ಅಲ್ಲಿನ ಸಾಮಾಜಿಕ ವಿಮೆಯೇ.

ಕಾನೂನು ಬದಲಿಸುವುದು ನನ್ನ ಕೈಯಲ್ಲಿಲ್ಲ. ಕಂಪನಿಯೊಳಗಿನ ಒಂದು ನಿಯಮ ಮಾತ್ರ ಬದಲಿಸಲು ಆಯಿತು. ನಮ್ಮಲ್ಲಿ ಹೆರಿಗೆ ರಜೆಯ ಸಂಬಳ ಆಯಾ ವಿಭಾಗದ ಬಜೆಟ್ಟಿನಿಂದ ಹೋಗುತ್ತಿತ್ತು. ಅಂದರೆ ಆರು ಜನರ ತಂಡದ ಮ್ಯಾನೇಜರ್ ಐದು ಜನರಿಂದ ಕೆಲಸ ಮಾಡಿಸಿ ಆರು ಜನರ ಖರ್ಚು ತೋರಿಸಬೇಕು. ವರ್ಷದ ಕೊನೆಗೆ ಅವರ ಬೋನಸ್ಸಿಗೂ ಅದೇ ಲೆಕ್ಕ. ಇಡೀ ದೇಶದ ಕಾನೂನಿನ ದೋಷ ನಮ್ಮ ಎಕ್ಸೆಲ್ ಶೀಟಿನಲ್ಲೂ ಇತ್ತು. ಫೈನಾನ್ಸ್‌ನವರ ಜೊತೆ ತಿಂಗಳುಗಟ್ಟಲೆ ಜಗಳವಾಡಿದ ಮೇಲೆ ಆ ಖರ್ಚನ್ನು ಕಂಪನಿಯ ಸಾಮಾನ್ಯ ಲೆಕ್ಕಕ್ಕೆ ಹಾಕಿದೆವು. ಪ್ರತಿ ವಿಭಾಗವೂ ತನ್ನ ಒಟ್ಟು ಸಂಬಳದ ಮೇಲೆ ಸಣ್ಣ ಪಾಲು ಆ ಲೆಕ್ಕಕ್ಕೆ ಕೊಡುತ್ತದೆ, ತಂಡದಲ್ಲಿ ಹೆಣ್ಣುಮಕ್ಕಳು ಇರಲಿ ಬಿಡಲಿ. ರಜೆಯ ಜಾಗಕ್ಕೆ ಬದಲಿ ಜನರ ಖರ್ಚೂ ಅಲ್ಲಿಂದಲೇ.

ಈ ಬದಲಿಯ ವಿಷಯ ನನಗೆ ತುಂಬ ಮುಖ್ಯ. ನಾನು ರಜೆಯಲ್ಲಿದ್ದಾಗ ನನ್ನ ಕೆಲಸವನ್ನು ಪಕ್ಕದ ಮೇಜಿನವರು ಹೊತ್ತಿದ್ದರು, ಒಂದು ರೂಪಾಯಿ ಜಾಸ್ತಿ ಸಿಗದೆ. ವಾಪಸ್ ಬಂದ ದಿನ ಅವರ ಮುಖದಲ್ಲಿ ದಣಿವಿತ್ತು. ನನ್ನ ಮೇಲೆ ಸಿಟ್ಟು ಬಂದಿದ್ದರೆ ಅದು ಸಹಜವೇ, ಆದರೂ ಒಂದು ಮಾತಾಡಲಿಲ್ಲ. ಮಗು ಹೆತ್ತವಳ ಹಕ್ಕಿಗೆ ಪಕ್ಕದಲ್ಲಿ ಕೂತವರು ತಮ್ಮ ಸಂಜೆಗಳನ್ನು ಕೊಡಬೇಕಾದರೆ ಆ ಹಕ್ಕಿಗೆ ಸ್ನೇಹಿತರು ಉಳಿಯುವುದಿಲ್ಲ.

ಲೆಕ್ಕ ಬದಲಾದ ಮೇಲೆ ‘ಮದುವೆಯಾಗಿದೆಯಂತೆ’ ಎಂಬ ಮಾತು ನಮ್ಮ ಕೋಣೆಯಲ್ಲಿ ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ. ಒಬ್ಬ ಮ್ಯಾನೇಜರ್ ಮೊನ್ನೆ ನೇರವಾಗಿಯೇ ಹೇಳಿದರು: ‘ದುಡ್ಡಿನ ಚಿಂತೆ ಇಲ್ಲ ಮೇಡಂ, ಬದಲಿ ಬರುವವರು ಕೆಲಸ ಕಲಿಯುವ ತನಕ ಏನು ಮಾಡಲಿ?’ ಪ್ರಾಮಾಣಿಕ ಪ್ರಶ್ನೆ. ರಜೆ ಶುರುವಾಗುವ ಒಂದು ತಿಂಗಳು ಮೊದಲೇ ಬದಲಿಯವರನ್ನು ತೆಗೆದುಕೊಂಡು ಜೊತೆಗೆ ಕೂರಿಸಲು ಈ ವರ್ಷದ ಬಜೆಟ್ಟಿನಲ್ಲಿ ಹಣ ಕೇಳಿದ್ದೇನೆ. ಅಪ್ಪಂದಿರಿಗೆ ಆರು ವಾರದ ರಜೆಯನ್ನೂ ಅದೇ ಸಾಮಾನ್ಯ ಲೆಕ್ಕದಿಂದ ಕೇಳಿದ್ದೇನೆ, ಬೇರೆಯವರಿಗೆ ಬಿಟ್ಟುಕೊಡಲು ಬಾರದಂತೆ. ಮೊದಲನೆಯದಕ್ಕೆ ಒಪ್ಪಿಗೆ ಸಿಕ್ಕಿದೆ. ಎರಡನೆಯದು ಮುಂದಿನ ಮೀಟಿಂಗಿಗೆ ಹೋಗಿದೆ.